ಸಡಿಲ ಕೈಯ ಸರ

ಉಣ್ಣೆ ಹೆಣಿಗೆಯಲ್ಲಿ ಮನೆಯ ಹಿರಿಯ ಸೊಸೆ ದೊಡ್ಡಾಕೆಯದು ಎತ್ತಿದ ಕೈ. ಬೀದಿಯ ಅರ್ಧ ಮಕ್ಕಳು ಅವಳ ಸ್ವೆಟರಿನಲ್ಲೇ ಬೆಳೆದವರು. ಯಾರು ಹೆಣೆದದ್ದಾದರೂ ಸರಿ, ಒಮ್ಮೆ ಬೆರಳಾಡಿಸಿದರೆ ಎಷ್ಟನೇ ಸಾಲಿನಲ್ಲಿ ಕುಣಿಕೆ ತಪ್ಪಿದೆಯೆಂದು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದಳು. ಅದೇ ಮನೆಯ ಚಿಕ್ಕ ಸೊಸೆ, ಅವಳ ವಾರಗಿತ್ತಿ, ಹೆಣೆದದ್ದೆಲ್ಲ ಜೋತುಬೀಳುತ್ತಿತ್ತು. ಒಮ್ಮೆ ಗಂಡನಿಗೆಂದು ಹೆಣೆದ ಸ್ವೆಟರ್ ಮೊಣಕಾಲಿಗೆ ಬಂದಿತ್ತು. ಅಂದೇ ದೊಡ್ಡಾಕೆ ಅವಳಿಗೆ ಜೋಲಮ್ಮ ಎಂದು ಹೆಸರಿಟ್ಟಳು. ಚಿಕ್ಕಾಕೆ ಅದಕ್ಕೂ ನಕ್ಕು, ಹನ್ನೆರಡು ವರ್ಷ ತನ್ನ ಪ್ರತಿಯೊಂದು ಹೆಣಿಗೆಯನ್ನೂ ಅಕ್ಕನ ಮಡಿಲಿಗೆ ತಂದಿಟ್ಟು ತಪ್ಪು ಹುಡುಕಿಸಿಕೊಂಡಳು. ನಿಜ ಹೇಳಬೇಕೆಂದರೆ, ಆಗೆಲ್ಲ ದೊಡ್ಡಾಕೆಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ಎಲ್ಲ ಕೆಟ್ಟದ್ದು ತಾಮ್ರದ ತಂತಿಯಿಂದ. ಚಿಕ್ಕಾಕೆಯ ಗಂಡ ಮೋಟರ್ ರಿಪೇರಿಯವನು. ಅವನ ಅಂಗಡಿಯಲ್ಲಿ ಉಳಿದ ಸಣ್ಣ ತಂತಿ ತಂದು, ಫೋನಿನಲ್ಲಿ ನೋಡಿ ನೋಡಿ, ಅವಳು ಪೆನ್ಸಿಲಿನ ಸುತ್ತ ಕುಣಿಕೆ ಹಾಕತೊಡಗಿದಳು. ಸುತ್ತಿನ ಮೇಲೆ ಸುತ್ತು ಹೆಣೆದು ಪೆನ್ಸಿಲ್ ಜಾರಿಸಿದರೆ ಕೊಳವೆಯಂಥ ಬಲೆ ಉಳಿಯುತ್ತಿತ್ತು. ಗಂಡ ಒಂದು ಹಲಗೆಗೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಏಳು ತೂತು ಕೊರೆದುಕೊಟ್ಟ. ಬಲೆಯನ್ನು ಒಂದೊಂದೇ ತೂತಿನಲ್ಲಿ ತೂರಿಸಿ ಎಳೆದಂತೆಲ್ಲ ಅದು ಸಣ್ಣಗಾಗಿ, ಉದ್ದವಾಗಿ, ಕೊನೆಗೆ ನುಣುಪಾದ ಸರವಾಗಿ ಹೊರಬಂತು.

ಇದೇನು ಮಹಾ ಎಂದು ದೊಡ್ಡಾಕೆ ಮೂಗು ಮುರಿದಳು. ಆದರೆ ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಬಾಗಿಲು ಹಾಕಿಕೊಂಡು ತಾನೂ ತಂತಿ ಹಿಡಿದು ಕೂತಳು. ಅಭ್ಯಾಸಬಲ, ಪ್ರತಿ ಕುಣಿಕೆಯನ್ನೂ ಬಿಗಿದಳು, ತಂತಿ ತುಂಡಾಯಿತು. ಬಿಚ್ಚಿ ಮತ್ತೆ ಹೆಣೆದಳು. ಉಣ್ಣೆಯಾದರೆ ಎಷ್ಟು ಸಲ ಬಿಚ್ಚಿದರೂ ಸುಮ್ಮನಿರುತ್ತದೆ, ತಂತಿ ಬಗ್ಗಿದಲ್ಲೇ ಗಡುಸಾಗಿ ಮುರಿಯಿತು. ನಾಲ್ಕು ಮಧ್ಯಾಹ್ನ ಬೆರಳು ಚುಚ್ಚಿಸಿಕೊಂಡ ಮೇಲೆ ಗೊತ್ತಾಯಿತು, ತಂತಿಗೆ ಬೇಕಿದ್ದದ್ದು ಸಡಿಲ ಕೈ. ಬಿಗಿಯುವ ಕೆಲಸ ಹಲಗೆಯದು. ತಾನು ಇಷ್ಟು ವರ್ಷ ಆಡಿಕೊಂಡು ನಕ್ಕ ಕೈಯೇ ಇಲ್ಲಿ ಗೆದ್ದಿತ್ತು. ಅವಳ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕಿದಳು.

ಆ ಬೆಂಕಿಗೆ ತುಪ್ಪ ಸುರಿಯುವವರಿಗೇನೂ ಕೊರತೆಯಿರಲಿಲ್ಲ. ಯಾರನ್ನೂ ಹೊಗಳಿ ಗೊತ್ತಿಲ್ಲದ ಅತ್ತೆ ಚಿಕ್ಕಾಕೆಯ ಸರ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ದೊಡ್ಡಾಕೆಯ ಸ್ವಂತ ಮಗಳೇ ಚಿಕ್ಕಮ್ಮ ಹೆಣೆದ ತಂತಿಬಳೆ ಹಾಕಿಕೊಂಡು ಕಾಲೇಜಿಗೆ ಹೋದಳು; ಅಮ್ಮನ ಸ್ವೆಟರ್ ಸೆಕೆಯಂತೆ. ಇದೆಲ್ಲ ಸಾಲದೆಂಬಂತೆ ಮುಖ್ಯರಸ್ತೆಯ ಫ್ಯಾನ್ಸಿ ಅಂಗಡಿಯಾಕೆ, ಶನಿವಾರ ಒಂದು ಸರ ತಂದು ತೋರಿಸು, ಹಿಡಿಸಿದರೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸಾಲು ಪೂರ್ತಿ ನಿನ್ನದೇ ಎಂದು ಚಿಕ್ಕಾಕೆಗೆ ಹೇಳಿ ಕಳಿಸಿದಳು.

ಅಂಗಡಿಗೆಂದು ವಾರವಿಡೀ ಹೆಣೆದ ಬಲೆಯನ್ನು ಚಿಕ್ಕಾಕೆ ಶುಕ್ರವಾರ ಎಂದಿನಂತೆ ತಂದಿಟ್ಟಳು. "ನೀವು ಸರಿ ಅಂದ್ರೆ ಎಳೀತೀನಿ ಅಕ್ಕಾ," ಎಂದಳು.

ದೊಡ್ಡಾಕೆ ಬೆರಳಾಡಿಸುತ್ತ ಹೋದಳು. ಮಧ್ಯದಲ್ಲಿ ಒಂದು ಕುಣಿಕೆ ತಪ್ಪಿತ್ತು. ಈಗಲಾದರೆ ಚೂರು ತಂತಿ ಸೇರಿಸಿ ಸರಿಮಾಡಬಹುದು. ತೂತಿಗೆ ಹಾಕಿ ಎಳೆದರೆ ಅಲ್ಲೇ ಬಾಯಿ ಬಿಡುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಗಾಜಿನ ಪೆಟ್ಟಿಗೆ ನೆನಪಾಯಿತು.

"ಚೆನ್ನಾಗಿದೆ, ಎಳಿ," ಎಂದಳು.

ಐದನೇ ತೂತಿನಲ್ಲಿ ಸರ ಬಾಯಿ ಬಿಟ್ಟಿತು, ಇನ್ನೊಂದು ಎಳೆತಕ್ಕೆ ಎರಡು ತುಂಡಾಯಿತು. ವಾರದ ಕೆಲಸ, ನಾಳೆಯೇ ಶನಿವಾರ. ಚಿಕ್ಕಾಕೆ ತುಂಡುಗಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡಳು. ಅವಳು ಎರಡು ಮಾತು ಬೈದಿದ್ದರೆ ದೊಡ್ಡಾಕೆಗೆ ನಿರಾಳವಾಗುತ್ತಿತ್ತು. ಬೈಯಲಿಲ್ಲ.

"ಹೋಗ್ಲಿ ಬಿಡಿ ಅಕ್ಕಾ, ನಿಮ್ಮ ತಪ್ಪೇನಿದೆ," ಎಂದಳು ಮೆತ್ತಗೆ. "ವಯಸ್ಸಾಯ್ತಲ್ಲ, ಬೆರಳು ಮೊದಲಿನ ಹಾಗೆ ಇರುತ್ತಾ? ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ."

ಪಕ್ಕದಲ್ಲಿ ಕೂತಿದ್ದ ಅತ್ತೆಯೂ "ಪಾಪ" ಎಂದು ತಲೆಯಾಡಿಸಿದರು.

ದೊಡ್ಡಾಕೆ ತುಟಿ ಪಿಟಕ್ಕೆನ್ನದೆ ಇದ್ದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಪಾಪ ಎಂಬ ಮಾತು ಅವಳಿಗೆ ನುಂಗಲಾರದ ತುತ್ತಾಯಿತು. ಕೆಟ್ಟವಳು ಎಂದರೆ ಹೇಗೋ ತಡೆದುಕೊಂಡಾಳು, ಕೈಚಳಕ ಹೋದವಳು ಎಂದರೆ ತಡೆದುಕೊಳ್ಳುವ ಹೆಂಗಸಲ್ಲ ಅವಳು.

"ನನ್ನ ಬೆರಳಿಗೇನೂ ಆಗಿಲ್ಲ," ಎಂದಳು. "ಮೂವತ್ತೊಂದನೇ ಸುತ್ತು, ಎರಡನೇ ಕುಣಿಕೆ. ಆಗ್ಲೇ ಗೊತ್ತಾಗಿತ್ತು ನಂಗೆ."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ತಿಳಿಯಿತು. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಚಿಕ್ಕಾಕೆ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವಸರವಿಲ್ಲದೆ ಒಂದೊಂದೇ ಸುತ್ತು ಎಣಿಸುತ್ತ ಬಂದಳು. ಮೂವತ್ತೊಂದಕ್ಕೆ ನಿಂತಳು.

"ಸರಿಯಾಗೇ ಹೇಳಿದ್ರಿ," ಎಂದಳು. ಅಕ್ಕಾ ಎನ್ನಲಿಲ್ಲ. ಹೊಸ ತಂತಿಯ ಸುರುಳಿ ಎತ್ತಿಕೊಂಡು ತನ್ನ ಕೋಣೆಗೆ ಹೋದಳು.