ಅಂಟಿಸಿದ ಮೇಲೆ ಹಚ್ಚಿದ ಕೆಂಪು

ಬಾಣ ಮಾಡುವವನ ಹೆಂಡತಿಯನ್ನು ಬೀದಿಯವರೆಲ್ಲ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಅವಳ ಉಗುರಿನ ಸಂದಿಯಲ್ಲಿ ಕೆಂಪು ಇಲ್ಲದ ದಿನವನ್ನು ಯಾರೂ ಕಂಡಿರಲಿಲ್ಲ. ಗಂಡನ ಅಡ್ಡಹೆಸರು ಒಕ್ಕಣ್ಣ. ಎರಡು ಕಣ್ಣೂ ಚೆನ್ನಾಗಿಯೇ ಇದ್ದವು. ಬಾಣದ ಕಡ್ಡಿ ಸೊಟ್ಟಗಿದೆಯೇ ಎಂದು ನೋಡಲು ಸದಾ ಒಂದನ್ನು ಮುಚ್ಚಿರುತ್ತಿದ್ದ, ಅಷ್ಟೇ. "ಮದುವೆ ದಿನಾನೂ ನನ್ನನ್ನ ಒಂದೇ ಕಣ್ಣಲ್ಲಿ ನೋಡಿದ್ರು, ಎಲ್ಲಾದ್ರೂ ಡೊಂಕಿದೀನೇನೋ ಅಂತ" ಎಂದು ಅವಳು ಅಕ್ಕಪಕ್ಕದವರನ್ನು ನಗಿಸುತ್ತಿದ್ದಳು.

ಮನೆಯ ಮುಂದಿನ ಕೋಣೆಯಲ್ಲೇ ಅವರ ಕೆಲಸ. ಅವನು ಕಡ್ಡಿ ಹೆರೆದು, ಹಿಂತುದಿಯಲ್ಲಿ ಹೆದೆ ಕೂರುವ ಸೀಳು ಕೊರೆದು, ಸುತ್ತ ಮೂರು ಗರಿ ಅಂಟಿಸುತ್ತಿದ್ದ. ಅವಳು ಬಾತುಕೋಳಿಯ ಬಿಳಿ ಗರಿಗಳನ್ನು ತೊಳೆದು, ಮೂರರಲ್ಲೊಂದನ್ನು ಕೆಂಪು ಬಣ್ಣದಲ್ಲಿ ಅದ್ದಿ ಕೊಡುತ್ತಿದ್ದಳು. ಆ ಕೆಂಪು ಅಂದಕ್ಕಲ್ಲ. ಕೆಂಪು ಗರಿ ಬಿಲ್ಲಿನಿಂದ ಆಚೆಗಿರುವಂತೆ ಬಾಣ ಹೂಡಬೇಕು ಎಂಬ ಗುರುತು. ಗುರುತು ತಪ್ಪಿದರೆ ಗರಿ ಬಿಲ್ಲಿಗೆ ಉಜ್ಜುತ್ತದೆ, ಬಾಣ ದಿಕ್ಕು ತಪ್ಪುತ್ತದೆ. ಗರಿಯ ಚೂಪು ದಂಟು ಬಿಲ್ಲು ಹಿಡಿದ ಕೈಯನ್ನೂ ಸೀಳಬಹುದು.

ಒಂದು ಮಧ್ಯಾಹ್ನ ಬಿಲ್ಲುಗಾರಿಕೆ ಕಲಿಸುವ ಮೇಷ್ಟ್ರು ಬಾಣವೊಂದನ್ನು ಹಿಡಿದು ಬಂದರು. ಅವರ ಶಾಲೆಗೆ ಬಾಣಗಳೆಲ್ಲ ಈ ಮನೆಯಿಂದಲೇ ಹೋಗುತ್ತಿದ್ದವು.

"ನಮ್ಮ ಹುಡುಗಿಯೊಬ್ಬಳ ಕೈ ಸೀಳಿದೆ. ಹೆಬ್ಬೆರಳ ಬುಡಕ್ಕೆ ಹೊಲಿಗೆ ಹಾಕಿದಾರೆ. ನೀವೇ ನೋಡಿ, ಕೆಂಪು ಎಲ್ಲಿದೆ?"

ಒಕ್ಕಣ್ಣ ತಿರುಗಿಸಿ ತಿರುಗಿಸಿ ನೋಡಿದ. "ಸರಿಯಾಗೇ ಇದೆಯಲ್ಲ ಮೇಷ್ಟ್ರೇ."

ಬಣ್ಣದಕ್ಕ ಬಗ್ಗಿ ನೋಡಿದಳು. ಕೆಂಪು ಇರಬೇಕಾದ ಜಾಗದಲ್ಲಿ ಬಿಳಿ ಗರಿ ಇತ್ತು. ತಪ್ಪು ಎದ್ದು ಕಾಣುತ್ತಿತ್ತು, ಆದರೆ ಗಂಡನ ಮುಖದಲ್ಲಿ ಸುಳ್ಳಿರಲಿಲ್ಲ. ಇತ್ತೀಚೆಗೆ ಅವನು ಚಪ್ಪಲಿ ಹಾಕಿಕೊಂಡೇ ಹಾಸಿಗೆ ಹತ್ತಿದ್ದು, ಒಡಹುಟ್ಟಿದ ತಂಗಿಯ ಹೆಸರಿಗೆ ತಡವರಿಸಿದ್ದು, ವಯಸ್ಸಾಯಿತು ಎಂದು ತಾನು ತಳ್ಳಿಹಾಕಿದ್ದೆಲ್ಲ ಒಟ್ಟಿಗೇ ಬಂದು ಎದುರು ನಿಂತಿತು.

"ತಪ್ಪು ನಂದು ಮೇಷ್ಟ್ರೇ," ಎಂದುಬಿಟ್ಟಳು. "ಗರಿ ಜೋಡಿಸಿ ಕೊಡೋಳು ನಾನೇ."

ಮೇಷ್ಟ್ರು ಹೋದ ಮೇಲೆ ಗಂಡ ರೇಗಿದ. "ಇಷ್ಟು ವರ್ಷದ ಹೆಸರಿಗೆ ಮಸಿ ಬಳಿದೆಯಲ್ಲೇ!"

ಅವಳು ಅವನನ್ನು ಡಾಕ್ಟರಿಗೆ ತೋರಿಸಿದಳು. ಮರೆವಿನ ಕಾಯಿಲೆ, ಬೆಳೆಯುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ ಎಂದರು.

ಆದರೆ ಅವನ ಬೆರಳುಗಳಿಗೆ ಕೆಲಸ ಇನ್ನೂ ನೆನಪಿತ್ತು. ಗರಿ ಕೂರುವ ಜಾಗದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಯಾವ ಜಾಗಕ್ಕೆ ಕೆಂಪು ಎನ್ನುವುದಷ್ಟೇ ತಲೆಯಿಂದ ಅಳಿಸಿಹೋಗಿತ್ತು.

"ಇನ್ಮೇಲೆ ಮೂರೂ ಬಿಳಿ ಗರೀನೇ ಅಂಟಿಸಿ. ಬಣ್ಣ ಆಮೇಲೆ ನಾನು ಹಚ್ತೀನಿ," ಎಂದಳು.

"ಅಂಟಿಸಿದ ಮೇಲೆ ಬಣ್ಣವಾ? ಅಂಟು ಬಿಡುತ್ತೆ ಕಣೆ. ತಲೆ ಕೆಟ್ಟಿದೆಯಾ ನಿಂಗೆ?"

"ಕೆಟ್ಟಿದೆ ಅಂತಾನೇ ಇಟ್ಕೊಳ್ಳಿ."

ಬಣ್ಣವನ್ನು ನೀರಿಗೆ ಬದಲು ಸ್ಪಿರಿಟ್ಟಿನಲ್ಲಿ ಕಲಸಿದಳು. ಪಕ್ಕದ ಗರಿಗೆ ತಾಗದಂತೆ ನಡುವೆ ತೆಳು ರಟ್ಟು ತೂರಿಸಿ, ಬುಡದ ಅಂಟಿಗೆ ಸೋಕಿಸದೆ, ಸಣ್ಣ ಕುಂಚದಿಂದ ಎಳೆ ಎಳೆಗೂ ಹಚ್ಚಿದಳು. ಒಣಗಿ ಮುದುಡಿದ ಎಳೆಗಳನ್ನು ಕೆಟಲಿನ ಹಬೆಗೆ ಹಿಡಿದು ಬಿಡಿಸಿದಳು. ಕುತ್ತಿಗೆ ಹಿಡಿದುಕೊಂಡಿತು, ಬೆರಳಿನ ಚರ್ಮ ಸುಲಿಯಿತು. ಎಷ್ಟೋ ಬಾಣ ಕೆಟ್ಟವು, ಉಳಿದವು ಶಾಲೆಗೆ ಹೋದವು. ಮೇಷ್ಟ್ರು ಮತ್ತೆ ದೂರು ತರಲಿಲ್ಲ. ಹೀಗೇ ಕೆಲವು ತಿಂಗಳು ದಬ್ಬಿದಳು.

ಶಾಲೆಯ ಬಿಲ್ಲುಗಾರಿಕೆ ಪಂದ್ಯದ ಹಿಂದಿನ ದಿನ ಬೆಳಗ್ಗೆ ಮೇಷ್ಟ್ರು ಬಾಣ ಒಯ್ಯಲು ಬರುವವರಿದ್ದರು. ಅವಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬಾಣಗಳ ಕಟ್ಟು ಬಿಚ್ಚಿಹೋಗಿತ್ತು. ಒಕ್ಕಣ್ಣ ನೆಲದ ಮೇಲೆ ಕೂತು ಚಾಕುವಿನಿಂದ ಗರಿಗಳನ್ನು ಕೆತ್ತಿ ಹಾಕುತ್ತಿದ್ದ. ತೊಡೆಯ ಮೇಲೆಲ್ಲ ಕೆಂಪು, ಬಿಳಿ ಚೂರು.

"ಬಿಡಿ ರೀ! ನಿಮ್ಮ ದಮ್ಮಯ್ಯ, ಬಿಡಿ!" ಎಂದು ಅವಳು ಮಣಿಕಟ್ಟು ಹಿಡಿದಳು.

ಅವನು ಕೈ ಕೊಡವಿದ. "ಯಾರೋ ಅಂಟಿಸಿದ ಮೇಲೆ ಬಣ್ಣ ಬಳಿದಿದಾರೆ! ಇಂಥ ದರಿದ್ರ ಕೆಲಸ ನನ್ನ ಮನೆಯಿಂದ ಹೋಗಬಾರದು. ನನ್ನ ಹೆಂಡ್ತಿ ಹಾಕೋ ಬಣ್ಣ ನೀವು ನೋಡಿಲ್ಲಮ್ಮ. ಅವಳು ಬರಲಿ, ತೋರಿಸ್ತೀನಿ."

ಅವಳು ಮತ್ತೆ ಆ ಕೈ ಹಿಡಿಯಲಿಲ್ಲ. ಗೋಡೆಗೆ ಒರಗಿ ಅಲ್ಲೇ ಕೂತಳು. ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅವರು ಕೇಳಿದಾಗ ಇದ್ದದ್ದನ್ನೆಲ್ಲ ಹೇಳಿದಳು.

"ಮೊದಲೇ ಹೇಳಬಾರದಿತ್ತಾ ಅಕ್ಕ?"

"ಹೇಳಿದ್ರೆ ಬಾಣ ತಗೊಳ್ತಿದ್ರಾ?"

ಮೇಷ್ಟ್ರು ಬರಿಗೈಯಲ್ಲೇ ಹೊರಟರು. ಆಮೇಲೆ ಆ ಶಾಲೆಯಿಂದ ಯಾರೂ ಬರಲಿಲ್ಲ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಗಂಡನನ್ನು ನೋಡಿಕೊಳ್ಳುವವರು ಸಿಗಲಿಲ್ಲ. ಚಾಕು, ಉಳಿ, ಬೆಂಕಿಪೊಟ್ಟಣ ಎಲ್ಲ ತೆಗೆದಿಟ್ಟು, ಊಟ ಮುಚ್ಚಿಟ್ಟು, ಹೊರಗಿನಿಂದ ಬೀಗ ಹಾಕಿದಳು. ಇನ್ನೊಂದು ಕೀಲಿಯನ್ನು ಎದುರುಮನೆಯ ದರ್ಜಿಯ ಕೈಗೆ ಕೊಡುವಾಗಲೇ ಒಳಗಿನಿಂದ ಬಡಿತ ಶುರುವಾಯಿತು.

"ಬಾಗಿಲು ತೆಗೀರಿ! ಯಾರಿದೀರಿ ಹೊರಗೆ? ಕೆಲಸ ಬಾಕಿ ಇದೆ ನಂಗೆ!"

ಬೀದಿಯ ತಿರುವು ದಾಟಿದ ಮೇಲೂ ಅದು ಕೇಳಿಸುತ್ತಿತ್ತು. ಕಾರ್ಖಾನೆಯ ಗೇಟು ಮುಚ್ಚುವ ಹೊತ್ತಾಗಿತ್ತು. ಅವಳು ಸೆರಗಿನಿಂದ ಕಿವಿ ಮುಚ್ಚಿಕೊಂಡು ಓಡತೊಡಗಿದಳು.