ನಂಜುಂಡ ಮಾವನ ಉಗ್ರಾಣ

ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಪರೀಕ್ಷೆಯ ಅಂಕ ತುಂಬುವ ಕಾಲದಲ್ಲಿ ಮಾತ್ರ ಅದಕ್ಕೆ ಜೀವ ಬರುತ್ತದೆ. ಮೊನ್ನೆ ಸ್ವಿಚ್ ಹಾಕಿ ಎದುರಿಗೆ ಕೂತೆ. ಸ್ವಲ್ಪ ಹೊತ್ತಿಗೆ ಹಿಂಬದಿಯ ಫ್ಯಾನು ಗೊರಗುಟ್ಟಿತು, ಬಿಸಿ ಧೂಳಿನ ವಾಸನೆ ಬಂತು. ಮಣ್ಣಿನ ವಾಸನೆಯನ್ನು ಹೊಗಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಪಾಪ, ಕಾದ ಧೂಳಿನ ವಾಸನೆಗೆ ಯಾರೂ ದಿಕ್ಕಿಲ್ಲ. ನನಗಂತೂ ಅದು ಗುಬ್ಬಿಯ ನಂಜುಂಡ ಮಾವನ ವಾಸನೆ.

ನಂಜುಂಡ ಮಾವ ನಮ್ಮಮ್ಮನ ಕೊನೆಯ ತಮ್ಮ. ಗುಬ್ಬಿಯಲ್ಲಿ ಮನೆಯ ಮುಂಭಾಗದಲ್ಲೇ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆಯುವುದು ಹೊಟ್ಟೆಪಾಡು. ಪ್ರಾಣವಿದ್ದದ್ದು ಮಾತ್ರ ನಾಟಕದ ವಿಡಿಯೋಗಳಲ್ಲಿ. ನೀವು ನಮ್ಮ ಕಡೆಯವರಲ್ಲದಿದ್ದರೆ ಈ ನಾಟಕದ ಹುಚ್ಚಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ಇಲ್ಲಿ ಪೌರಾಣಿಕ ನಾಟಕ ಆಡುವವರು ಕಂಪನಿಯವರಲ್ಲ, ಊರಿನವರೇ. ಟೈಲರ್ ರಾಜನಾಗುತ್ತಾನೆ, ಬಸ್ ಕಂಡಕ್ಟರ್ ದೇವರಾಗುತ್ತಾನೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಬೈಸಿಕೊಂಡು ಕಲಿತು, ಬಾಡಿಗೆ ಕಿರೀಟ ಇಟ್ಟುಕೊಂಡು, ಒಂದು ರಾತ್ರಿ ಇಡೀ ಊರಿನ ಮುಂದೆ ಹಾಡುತ್ತಾರೆ. ಬೆಳಗಾದರೆ ಮತ್ತೆ ಟೈಲರ್, ಮತ್ತೆ ಕಂಡಕ್ಟರ್. ಆ ಒಂದು ರಾತ್ರಿಗೆ ಸಾಕ್ಷಿ ಎಂದರೆ ಮಾವನ ಕ್ಯಾಮೆರಾ. ಗೂಳೂರು, ಕುಣಿಗಲ್, ಯಡಿಯೂರು ಕಡೆಯ ಹಳ್ಳಿಗಳು, ಎಲ್ಲಿ ರಂಗ ಕಟ್ಟಿದರೂ ಮಾವ ಸ್ಟ್ಯಾಂಡು ಹೊತ್ತು ಹೊರಟುಬಿಡುತ್ತಿದ್ದರು.

ಆ ಮಾವನಿಗೇ ಕಣ್ಣು ಕೈಕೊಟ್ಟಿತು. ಗ್ಲುಕೋಮಾ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಿ ಎಂದರು ತುಮಕೂರಿನ ಡಾಕ್ಟರು. ಮಾವ ಅಂಗಡಿ ಮುಚ್ಚಿ, ಕಂಪ್ಯೂಟರನ್ನೂ ಒಂದು ಬುಟ್ಟಿ ಹಾರ್ಡ್ ಡಿಸ್ಕುಗಳನ್ನೂ ಮನೆಯ ಹಿಂದಿನ ಕೋಣೆಗೆ ತಂದಿಟ್ಟರು. ಮಾತು ಕಡಿಮೆಯಾಯಿತು. ಹೆಂಡತಿ ಗಿರಿಜತ್ತೆ ಕಾಫಿ ಕೊಟ್ಟರೆ ಲೋಟ ಸರಿಯಾಗಿ ಕೈಗೆ ಸಿಗಲಿಲ್ಲ ಎಂದು ರೇಗುವುದು, ಟೀವಿ ಹಾಕಿದರೆ ಎದ್ದು ಹೋಗುವುದು. ಅತ್ತೆ ನನ್ನ ಹತ್ತಿರ ಫೋನಿನಲ್ಲಿ ಹೇಳಿದ್ದರು: "ಮೊದ್ಲು ಇವ್ರ ಬಾಯಿ ಮುಚ್ಸೋದೇ ಕಷ್ಟ ಆಗಿತ್ತು ಕಣೇ. ಈಗ ಬೈದ್ರೂ ಸಾಕು, ಒಂದ್ ಮಾತಾದ್ರೂ ಆಡಿದ್ರಲ್ಲ ಅನ್ಸುತ್ತೆ."

ಹೀಗಿರುವಾಗ ಒಂದು ದಿನ ಲೋಕೇಶ ಎಂಬ ಯುವಕ ಅವರನ್ನು ಹುಡುಕಿಕೊಂಡು ಬಂದ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಊರು ಕುಣಿಗಲ್ ದಾಟಿ ಒಂದು ಹಳ್ಳಿ. ಅವನ ತಂದೆ ಹೊನ್ನಪ್ಪ ಊರಿನ ನಾಟಕದಲ್ಲಿ ಗದೆ ಹಿಡಿಯುವ ಪಾರ್ಟು ಮಾಡುತ್ತಿದ್ದರಂತೆ. ಲೋಕೇಶ ಪ್ರೈಮರಿ ಶಾಲೆಯಲ್ಲಿದ್ದಾಗ ತೀರಿಕೊಂಡರು.

"ಮುಖ ಫೋಟೋದಲ್ಲೈತೆ ಸಾರ್," ಎಂದನಂತೆ ಲೋಕೇಶ. "ದನಿ ಮರ್ತೋಗೈತೆ. ಎಷ್ಟ್ ಯೋಚ್ನೆ ಮಾಡುದ್ರೂ ಬರಾಕಿಲ್ಲ. ನಮ್ಮೂರ್ ನಾಟಕದ ವಿಡಿಯೋ ನೀವೇ ತೆಗ್ದಿದ್ದು ಅಂದ್ರು."

ತೆಗೆದದ್ದು ನಿಜ. ಮಾವನಿಗೆ ಆ ನಾಟಕ ನೆನಪಿತ್ತು, ಹೊನ್ನಪ್ಪನೂ ನೆನಪಿದ್ದ. ಆದರೆ ಅದು ಕಂಪ್ಯೂಟರಿನಲ್ಲಿ ಎಲ್ಲಿದೆ? ಫೋಲ್ಡರುಗಳಿಗೆ ಮಾವ ಹೆಸರು ಕೊಟ್ಟವರೇ ಅಲ್ಲ. 'ನ್ಯೂ ಫೋಲ್ಡರ್' ಒಳಗೆ 'ನ್ಯೂ ಫೋಲ್ಡರ್', ಅದರೊಳಗೆ ಕ್ಯಾಮೆರಾ ತಾನೇ ಇಟ್ಟ ಅಂಕಿಗಳು. ಕಣ್ಣಿದ್ದಾಗ ಚಿಕ್ಕ ಚಿತ್ರ ನೋಡಿಯೇ ಗುರುತು ಹಿಡಿಯುತ್ತಿದ್ದರು. ಈಗ ಆ ಚಿತ್ರಗಳೆಲ್ಲ ಮಂಜಿನೊಳಗೆ ಸೇರಿಹೋಗಿದ್ದವು. ಮಧ್ಯಾಹ್ನವೆಲ್ಲ ಹುಡುಕಿದರು. ಕಂಪ್ಯೂಟರ್ ಬೇರೆ ಮಾತುಮಾತಿಗೆ ಹ್ಯಾಂಗ್ ಆಯಿತು. ಲೋಕೇಶ ಎದ್ದು, "ಪರ್ವಾಗಿಲ್ಲ ಬುಡಿ ಸಾರ್, ನಿಮ್ಗೂ ತೊಂದ್ರೆ ಕೊಟ್ಟೆ" ಎಂದು ಹೊರಟುಹೋದ. ಆ ರಾತ್ರಿ ಮಾವ ಊಟ ಮಾಡಲಿಲ್ಲ.

ಮರುದಿನವೇ ನನಗೆ ಫೋನು. "ನೀನು ಕಂಪ್ಯೂಟರ್‌ನಾಗೆ ಮಾರ್ಕ್ಸ್ ಹಾಕ್ತೀಯಲ್ಲ, ರಜ ಐತಲ್ಲ, ಬಾರೇ."

ನೋಡಿ, ನಮ್ಮ ಮನೆತನದಲ್ಲಿ ನಾನು ಕಂಪ್ಯೂಟರ್ ಪಂಡಿತೆ ಎಂದು ಹೆಸರಾದದ್ದು ಹೀಗೆ. ಅಂಕ ತುಂಬುವ ಕೆಲಸ ಬಿಟ್ಟರೆ ನನಗೆ ಗೊತ್ತಿದ್ದದ್ದು, ಅದು ನಿಂತುಹೋದಾಗ ಆಫ್ ಮಾಡಿ ಆನ್ ಮಾಡುವುದು. ಆದರೂ ಸೋದರಮಾವ ಕರೆದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ತುಮಕೂರಿನ ಒಂದು ಅಂಗಡಿಯಲ್ಲಿ ಕಷ್ಟ ಹೇಳಿಕೊಂಡೆ. ಅಂಗಡಿಯವರು ಒಂದು ಕಪ್ಪು ಪೆಟ್ಟಿಗೆ ತೋರಿಸಿದರು. "ಇದ್ರೊಳಗೆ ಎರಡು ಡಿಸ್ಕ್ ಇರುತ್ತೆ ಮೇಡಂ. ಒಂದ್ರಲ್ಲಿ ಇದ್ದಿದ್ದೇ ಇನ್ನೊಂದ್ರಲ್ಲೂ ಇರುತ್ತೆ, ಒಂದ್ ಕೆಟ್ರೂ ಇನ್ನೊಂದ್ ಕಾಯುತ್ತೆ. ಮನೆ ವೈಫೈಗೆ ಸೇರ್ಸಿಬಿಟ್ರೆ ಟೀವೀಲೂ ನೋಡ್ಬೋದು, ಫೋನಲ್ಲೂ ನೋಡ್ಬೋದು." ಅದನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಗುಬ್ಬಿಗೆ ಹೋದೆ. ಎದುರು ಕೂತಿದ್ದ ಅಜ್ಜಿ, "ಮಿಕ್ಸಿಯಾ?" ಎಂದು ಕೇಳಿತು. ವಿವರಿಸುವ ಧೈರ್ಯ ಸಾಲದೆ ಹೂಂ ಎಂದೆ.

ಗಿರಿಜತ್ತೆಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು. "ಅಂದ್ರೆ ಉಗ್ರಾಣ ಅನ್ನು. ಅಡುಗೆಮನೆಯಿಂದ್ಲೂ ಒಂದ್ ಬಾಗ್ಲು, ಹಜಾರದಿಂದ್ಲೂ ಒಂದ್ ಬಾಗ್ಲು." ಅಂದಿನಿಂದ ಆ ಪೆಟ್ಟಿಗೆಗೆ ಉಗ್ರಾಣ ಎಂದೇ ಹೆಸರಾಯಿತು.

ನಾನು ಕೆಲಸಕ್ಕೆ ಸೇರಿದ ಮೇಲೆ ಕುಣಿಗಲ್ಲಿನಿಂದ ಶುರುವಾಗಿ ಎಷ್ಟೋ ಸಲ ಮನೆ ಬದಲಾಯಿಸಿದ್ದೇನೆ. ಪ್ರತಿ ಸಲವೂ ಲಾರಿ ಇಳಿಸಿದಾಗ ಪಾತ್ರೆಯಿದ್ದರೆ ಮುಚ್ಚಳವಿಲ್ಲ, ಮಂಚವಿದ್ದರೆ ಅದರ ಬೋಲ್ಟಿಲ್ಲ. ಡಿಸ್ಕುಗಳಿಂದ ಉಗ್ರಾಣಕ್ಕೆ ವಿಡಿಯೋ ಸಾಗಿಸುವಾಗ ಮಾವನಿಗೂ ಅದೇ ಭಯ. ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತು, "ಕಟ್ ಮಾಡ್ಬೇಡ ಕಣೇ, ಕಾಪಿ ಮಾಡು. ಅಲ್ಲಿ ಕೂತಿದ್ದು ಗ್ಯಾರಂಟಿ ಆಗೋವರ್ಗೂ ಇಲ್ಲಿಂದ ಏಳಿಸ್ಬಾರ್ದು" ಎಂದು ಜಪ ಮಾಡುತ್ತಿದ್ದರು. ಮೊದಲು ವೈಫೈಯಲ್ಲೇ ಕಳಿಸಲು ನೋಡಿದೆ. ಸಂಜೆಗೆ ಮುಗಿಯುತ್ತದೆ ಎಂದಿತು ಕಂಪ್ಯೂಟರ್. ಕಾಫಿ ಕುಡಿದು ಬಂದು ನೋಡಿದರೆ ಮುಂದಿನ ವಾರ ಎಂದಿತು. ಅಂಗಡಿಯವರಿಗೆ ಫೋನ್ ಮಾಡಿದರೆ ನಕ್ಕು, "ವೈರ್ ಎಳೀರಿ ಮೇಡಂ" ಎಂದರು. ಹಿಂದಿನ ಕೋಣೆಯಿಂದ ಹಜಾರದಲ್ಲಿಟ್ಟ ಉಗ್ರಾಣದವರೆಗೆ, ದೇವರ ಮನೆಯ ಬಾಗಿಲ ಮೇಲೆ ಹಾಯಿಸಿ, ಉದ್ದದ ವೈರು ಎಳೆದೆವು. ಮಾವ ಮದುವೆಗಳಿಗೆ ಒಯ್ಯುತ್ತಿದ್ದ ಯುಪಿಎಸ್ ತಂದು ಕೂರಿಸಿದೆವು, ಕರೆಂಟು ಹೋದರೆ ಅರ್ಧಂಬರ್ಧ ಕಾಪಿಯಾಗದಿರಲಿ ಎಂದು. ಆಮೇಲೆ ಕೆಲಸ ಓಡಿತು.

ಆದರೆ ಹೆಸರಿಲ್ಲದ್ದನ್ನು ಇಲ್ಲಿಂದೆತ್ತಿ ಅಲ್ಲಿಟ್ಟರೆ ಬಂದ ಭಾಗ್ಯವೇನು? ಅದಕ್ಕೂ ಮಾವನೇ ದಾರಿ ಹೇಳಿದರು. "ಒಂದೊಂದೇ ಹಾಕು, ನಾನು ಕೇಳ್ತೀನಿ."

ನಾನು ವಿಡಿಯೋ ಹಾಕುವುದು, ಮಾವ ಕಣ್ಣು ಮುಚ್ಚಿ ಕೇಳುವುದು. ಹಾರ್ಮೋನಿಯಂ ಎಳೆಯುವ ಧಾಟಿಯಿಂದ ಮೇಷ್ಟ್ರು ಯಾರೆಂದು ಹೇಳುತ್ತಿದ್ದರು, ಮೇಷ್ಟ್ರಿಂದ ಊರು. ನಾನು ಟೈಪ್ ಮಾಡುತ್ತಿದ್ದೆ. ತಪ್ಪದೇ ಇದ್ದರೆಂದಲ್ಲ. ಒಂದು ಸಲ ಗೂಳೂರು ಕಡೆಯದೆಂದು ಖಡಾಖಂಡಿತ ಹೇಳಿದರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಅದು ಯಡಿಯೂರ್ ಕಡೆಯೋರು ಕಣ್ರೀ. ದೇವರ ಪಾರ್ಟಿನೋನು ಹಾಡಿನ ಮಧ್ಯೆ ಸೀನ್ತಾನೆ, ನೋಡ್ತಿರಿ."

ಮಾವ ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ದೇವರು ಸೀನಿದ.

"ನಿಂಗೆಂಗ್ ಗೊತ್ತೇ?"

"ನೀವು ವಾರಗಟ್ಲೆ ಕೂತು ಎಡಿಟಿಂಗ್ ಮಾಡೋವಾಗ ಪಕ್ಕದ ರೂಮಲ್ಲಿ ಬಟ್ಟೆ ಮಡಿಸ್ತಾ ಇದ್ದೋಳು ಯಾರು? ನೋಡಿಲ್ಲ ಅಷ್ಟೇ. ಕೇಳಿಲ್ವಾ?"

ಅಲ್ಲಿಂದಾಚೆ ಅತ್ತೆ ಸೊಪ್ಪು ಬಿಡಿಸುವ ಮೊರ ತಂದು ನಮ್ಮ ಜೊತೆಯೇ ಕೂತರು. ಇಬ್ಬರೂ ಒಂದೊಂದು ನಾಟಕಕ್ಕೂ ಜಗಳವಾಡುವುದು, ನಡುವೆ ಹಳೆಯದೇನೋ ನೆನಪಾಗಿ ನಗುವುದು. ಊಟ ತಡವಾಗತೊಡಗಿತು. ಅತ್ತೆ ಅದನ್ನು ದೂರಲಿಲ್ಲ.

ಬುಟ್ಟಿಯ ತಳದ ಡಿಸ್ಕಿನ ಸರದಿ ಬಂದಾಗ ಮಾತ್ರ ನಗು ನಿಂತಿತು. ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ಒಳಗೆ ಕಟಕಟ ಎಂದು ಬಡಿದುಕೊಂಡು ಸುಮ್ಮನಾಯಿತು. ಅದನ್ನು ತುಮಕೂರಿಗೆ ಒಯ್ದು ಬಂದೆ. ಏನೂ ಉಳಿದಿಲ್ಲ ಎಂದರು. ಅಷ್ಟು ಹೊತ್ತಿಗೆ ಬೇರೆಲ್ಲ ನಾಟಕಗಳನ್ನೂ ಕೇಳಿ ಮುಗಿಸಿದ್ದೆವು. ಹೊನ್ನಪ್ಪನ ನಾಟಕ ಎಲ್ಲೂ ಸಿಕ್ಕಿರಲಿಲ್ಲ. ಅಂದರೆ ಅದು ಇದ್ದದ್ದು ಇದರಲ್ಲೇ.

ಮಾವ ಡಿಸ್ಕನ್ನು ಅಂಗೈಯಲ್ಲಿ ಹಿಡಿದು ಸವರಿದರು. "ದೇಹ ಸತ್ತ್ ಮೇಲೂ ಇರ್ಲಿ ಅಂತಾನೇ ವಿಡಿಯೋ ತೆಗ್ಸೋದು. ಅದ್ನೇ ಸಾಯ್ಸಿಬುಟ್ನಲ್ಲೇ" ಎಂದರು.

ಕಂಪ್ಯೂಟರಿನಲ್ಲಿ ಕೇಳದೆ ಉಳಿದದ್ದು ಒಂದೇ ಫೋಲ್ಡರು. ಮಾವ ಹೆಸರಿಟ್ಟಿದ್ದ ಏಕೈಕ ಫೋಲ್ಡರು ಅದು; ಹೆಸರು 'ವೇಸ್ಟ್'. ನಾಟಕಕ್ಕೆ ಮೊದಲು ಬೆಳಕು ಸರಿಯಿದೆಯೋ, ಮೈಕು ಹಿಡಿಯುತ್ತದೆಯೋ ಎಂದು ನೋಡಲು ಬಣ್ಣ ಹಚ್ಚುವ ಜಾಗದಲ್ಲಿ ಕ್ಯಾಮೆರಾ ಓಡಿಸಿದ ತುಣುಕುಗಳು. ಮಾವ, "ಅದು ಕಸ, ಬುಟ್ಟಾಕು" ಎಂದರು. ನಾನೂ ಬಿಡಲು ಸಿದ್ಧಳಿದ್ದೆ. ಅತ್ತೆ ಒಪ್ಪಲಿಲ್ಲ. "ಜರಡಿ ಹಿಡೀದೆ ಯಾರಾದ್ರೂ ಹೊಟ್ಟು ಎಸೀತಾರಾ? ಹಾಕೇ, ಕೇಳಾಣ."

ಬಲ್ಬು, ಹಗ್ಗ, ಯಾರದೋ ಬೆನ್ನು, ಬೀಡಿ ಹೊಗೆ. ಮೈಕಿನೊಳಗೆ ಹಲೋ ಹಲೋ. ಹೀಗೇ ಬರುತ್ತಿತ್ತು. ಒಂದು ತುಣುಕಿನಲ್ಲಿ ಯಾರೋ ಕೆಮ್ಮಿ, "ಏನ್ ನಂಜುಂಡಣ್ಣಾ, ಈಗ್ಲೇ ಆನ್ ಮಾಡ್ಬುಟ್ಟಿದೀಯಾ? ಮುಖ ಇನ್ನಾ ಅರ್ಧ ಐತೆ ಮಾರಾಯ" ಎಂದರು.

ಮಾವ ನೆಟ್ಟಗೆ ಕೂತರು. "ನಿಲ್ಸು. ಹಿಂದಕ್ಕೋಗು." ಮತ್ತೆ ಹಾಕಿದೆ. "ಹೊನ್ನಪ್ಪ ಕಣೇ! ಏನ್ ಕಾಣ್ತೈತೆ, ಹೇಳು."

ತಾವೇ ತೆಗೆದ ಚಿತ್ರವನ್ನು ಮಾವ ನನ್ನ ಬಾಯಿಂದ ಕೇಳುತ್ತಿದ್ದರು. ನಾನು ಹೇಳಿದೆ: ಒಂದು ಕೆನ್ನೆಗೆ ಬಣ್ಣ ಬಿದ್ದಿದೆ, ಇನ್ನೊಂದು ಬರಿದೇ ಇದೆ. ಮೀಸೆ ಇನ್ನೂ ಅಂಟಿಸಿಲ್ಲ. ಹೆಗಲ ಮೇಲೆ ಟವಲ್ಲು. ಪಕ್ಕದಲ್ಲಿ ಪುಟ್ಟ ಮಗುವೊಂದು ಗದೆ ಎತ್ತಲು ತಿಣುಕುತ್ತಿದೆ. ಹೊನ್ನಪ್ಪ ಅದರ ಕಡೆ ತಿರುಗಿ, "ಲೋ ಲೋಕಾ, ಚಳಿ ಐತೆ, ಬಾರ್ಲಾ ಇಲ್ಲಿ" ಎಂದು ಟವಲ್ಲು ತೆಗೆದು ಅದಕ್ಕೆ ಸುತ್ತಿದರು. ಅಷ್ಟೇ. ಆಮೇಲೆ ಕ್ಯಾಮೆರಾ ಆಫ್ ಆಗಿದೆ.

ಮುಂದಿನ ವಾರದ ರಜೆಯಲ್ಲಿ ಲೋಕೇಶ ತಾಯಿಯನ್ನು ಕರೆದುಕೊಂಡು ಬಂದ. ಮಾವ ಮೊದಲೇ ಕೈಮುಗಿದು, ನಾಟಕ ಹೋಗಿದೆ, ಇದೊಂದು ಚೂರು ಉಳಿದಿದೆ ಎಂದು ಹೇಳಿಬಿಟ್ಟರು. ಹಜಾರದ ಟೀವಿಯಲ್ಲಿ ಹಾಕಿದೆ. ಲೋಕೇಶ ಮೊದಲ ಸಲ ಅಲುಗಾಡದೆ ನೋಡಿದ. ಎರಡನೆಯ ಸಲ, "ಕೆಮ್ಮು ಹಿಂಗೇ ಅಲ್ವೇನವ್ವಾ?" ಎಂದ. ಆಮೇಲೆ ಮಾವನ ಹತ್ತಿರ ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡ. "ನಾಟಕ್ದಾಗೆ ರಾಗವಾಗಿ ಹಾಡಿರೋರು ಸಾರ್. ಮನೇಲಿ ನಂಗ್ಯಾವತ್ತೂ ಹಂಗ್ ಮಾತಾಡಿರಾಕಿಲ್ಲ. ನಂಗೆ ಬೇಕಾಗಿದ್ದಿದ್ದು ಈ ದನಿ."

ಮತ್ತೊಮ್ಮೆ ಹಾಕಿದೆ. ಸೆರಗು ಬಾಯಿಗಿಟ್ಟು ನೋಡುತ್ತಿದ್ದ ತಾಯಿ, ಹೊನ್ನಪ್ಪ ಟವಲ್ಲು ತೆಗೆದ ಕೂಡಲೇ ಟೀವಿಯನ್ನೇ ಗದರಿದರು: "ಸ್ವೆಟ್ರು ತಗೊಂಡೋಗಿ ಅಂತ ಅವತ್ತೇ ಬಡ್ಕೊಂಡೆ. ಕೇಳಿದ್ರಾ? ಈಗ ನೋಡಿ, ಬರೀ ಮೈ." ಹಾಗೆಂದು ನಕ್ಕರು, ನಗುತ್ತಲೇ ಅತ್ತರು. ಗಿರಿಜತ್ತೆ ಎದ್ದುಹೋಗಿ ಅವರ ಪಕ್ಕ ಕೂತರು.

ಇದಾಗಿ ಕೆಲವು ವರ್ಷಗಳಾದವು. ಮಾವನಿಗೆ ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಆದರೆ ಮನೆಯಲ್ಲಿ ಮೌನವಿಲ್ಲ. ಯಾರಾದರೂ ಬರುತ್ತಲೇ ಇರುತ್ತಾರೆ, ಅತ್ತೆ ತಮ್ಮ ಫೋನಿನಿಂದಲೇ ಬೇಕಾದ್ದನ್ನು ಟೀವಿಗೆ ಹಾಕುತ್ತಾರೆ, ಮಾವ ಕಥೆ ಹೇಳುತ್ತಾರೆ. ನಾನು ಅಂಕ ತುಂಬಿ ಮುಗಿಸಿ ಈ ಭಾನುವಾರ ಹೋಗಿದ್ದೆ. ಹೆಸರಿಡದೆ ಉಳಿದ ಕೆಲವು ತುಣುಕುಗಳನ್ನು ಹಾಕಿ ಕೂತೆವು. ಒಂದರಲ್ಲಿ ಯಾವುದೋ ಹೆಂಗಸು, ಮುಖ ಕಾಣುವುದಿಲ್ಲ, ಗುಂಪಿನೊಳಗಿಂದ ಯಾರಿಗೋ, "ಊಟ ಮಾಡ್ದ್ಯಾ?" ಎಂದು ಕೂಗಿ ಕೇಳುತ್ತಾಳೆ. ಮಾವನಿಗೂ ಗುರುತು ಸಿಗಲಿಲ್ಲ, ಅತ್ತೆಗೂ ಸಿಗಲಿಲ್ಲ. ಮೂರು ನಾಲ್ಕು ಸಲ ಕೇಳಿದೆವು.

"ಯಾರೋ ಗೊತ್ತಾಗ್ತಿಲ್ಲ ಮಾವ. ಅಳಿಸಿಬಿಡ್ಲಾ?" ಎಂದೆ.

"ಬ್ಯಾಡ ಬುಡೇ," ಎಂದರು ಮಾವ, ಮತ್ತೊಮ್ಮೆ ಕೇಳಲು ತಲೆ ವಾಲಿಸುತ್ತಾ. "ಅವ್ಳು ಊಟ ಮಾಡ್ದ್ಯಾ ಅಂತ ಕೇಳಿದ್ದು ಯಾರ್ನೋ, ಅವ್ನು ಒಂದಿನ ಹುಡುಕ್ಕೊಂಡ್ ಬತ್ತಾನೆ."