ಸನಾಳ ಮಾತು ಮುಗಿಯುವ ತನಕ

ಫ್ರೀಮಾಂಟ್‌ನಿಂದ ಬರ್ಕ್ಲಿಗೆ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ದೂರ ಸುಮಾರು ಐವತ್ತು ಕಿಲೋಮೀಟರ್, ಟಿಕೆಟ್ ಒಬ್ಬರಿಗೆ ಆರು ಡಾಲರಿನ ಆಸುಪಾಸು. ಆಗಸ್ಟ್ ತಿಂಗಳಾದರೂ ಬೆಳಿಗ್ಗೆ ಚಳಿ ಇತ್ತು, ಗುಡ್ಡಗಳ ಮೇಲೆ ಮಂಜು ಕೂತಿತ್ತು. ಹೊರಟವರು ಮೂವರು: ನಾನು, ಮೆಹರುನ್ನೀಸಾ, ಅವಳ ಮಗಳು ಸನಾ.

ಮೆಹರುನ್ನೀಸಾ ವಿಜಯಪುರದ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಬಿ.ಎ. ಎರಡನೆಯ ವರ್ಷದಲ್ಲಿ ಮದುವೆಯಾಗಿ ಓದು ಬಿಟ್ಟಳು. ಗಂಡನಿಗೆ ಇಲ್ಲಿ ಟೈಲ್ಸ್ ಅಂಗಡಿ ಇದೆ. ಫ್ರೀಮಾಂಟ್‌ನಲ್ಲೇ ಇರುವ ನನ್ನ ತಮ್ಮನ ಮನೆಗೆ ಬಂದಿದ್ದ ನನ್ನನ್ನು ಅವಳೇ ಹುಡುಕಿಕೊಂಡು ಬಂದು, "ಮೇಡಂ, ನೀವೂ ಬರ್ರಿ. ಅಡ್ಮಿಷನ್ ಅಂದ್ರ ಹಿರೇರು ಒಬ್ರು ಜೊತಿಗೆ ಇರಬೇಕ್ರಿ" ಎಂದಳು.

ಅಡ್ಮಿಷನ್ ಆಗಲೇ ಆಗಿತ್ತು. ಇಲ್ಲಿ ಕಮ್ಯುನಿಟಿ ಕಾಲೇಜುಗಳಿವೆ. ವಯಸ್ಸು, ಅಂಕ ನೋಡದೆ ಸೇರಿಸಿಕೊಳ್ಳುತ್ತವೆ. ಅಲ್ಲಿ ಎರಡು ವರ್ಷ ಓದಿ ಸನಾ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಸೀಟು ಪಡೆದಿದ್ದಳು. ಈ ದಿನದ ಭೇಟಿ ಅದೇ ವಿಶ್ವವಿದ್ಯಾಲಯದ ಬೇರೆ ಕಚೇರಿಯಲ್ಲಿ. ಅಂಗವೈಕಲ್ಯ ಇರುವವರಿಗೆ ಪಾಠದಲ್ಲಿ, ಪರೀಕ್ಷೆಯಲ್ಲಿ ಏನು ಅನುಕೂಲ ಬೇಕು ಎಂದು ಅಲ್ಲಿ ತೀರ್ಮಾನವಾಗುತ್ತದೆ. ಸನಾಳಿಗೆ ಉಗ್ಗು. ಸಾಮಾನ್ಯವಾದುದಲ್ಲ, ಮಾತು ಗಂಟಲಲ್ಲೇ ನಿಂತು, ಕಣ್ಣು ಮುಚ್ಚಿಹೋಗಿ, ಭುಜ ಬಿಗಿಯುತ್ತದೆ.

ಓಕ್‌ಲ್ಯಾಂಡಿನ ತನಕ ರೈಲು ನೆಲದ ಮೇಲೆಯೇ ಓಡಿತು. ಮನೆಗಳ ಹಿತ್ತಿಲುಗಳು, ನಿಂಬೆ ಗಿಡಗಳು, ಗೋದಾಮುಗಳು ಕಂಡವು. ಏನು ಓದಬೇಕೆಂದಿದ್ದೀಯ ಎಂದು ಸನಾಳನ್ನು ಕೇಳಿದೆ. ಅವಳ ತುಟಿ ಕೂಡಿಕೊಂಡಿತು.

"ಬಯಾಲಜಿರಿ" ಎಂದಳು ತಾಯಿ.

ಸನಾ ನನ್ನ ಕಡೆ ನೋಡಿ ನಕ್ಕಳು. ಆಮೇಲೆ ಇಂಗ್ಲಿಷಿನಲ್ಲಿ, ತಡೆತಡೆದು, "ಅಮ್ಮಿ ಇಬ್ಬರ ಮಾತು ಆಡ್ತಾರೆ" ಎಂದಳು.

"ಆಡಬೇಕಾತಲ್ಲ ಮತ್ತ" ಎಂದ ಮೆಹರುನ್ನೀಸಾ ದನಿ ತಗ್ಗಿಸಿದಳು. "ಹೈಸ್ಕೂಲ್‌ದಾಗ ಎದ್ದು ನಿಂತು ಪಾಠ ಒಪ್ಪಿಸು ಅಂದಾರ. ಹುಡುಗೂರು ನಕ್ಕಾವ. ಒಂದು ವಾರ ಸಾಲಿಗೆ ಹೋಗಲಿಲ್ಲ ಮೇಡಂ ಈಕಿ. ಇನ್ನೊಮ್ಮೆ ಹಂಗಾಗಬಾರದು. ಬಾಯಿಮಾತಿನ ಪರೀಕ್ಷೆ ಎಲ್ಲಾ ಬ್ಯಾಡ, ಬರೆದುಕೊಡ್ತಾಳ ಅಂತ ಇವತ್ತು ಬಾಯಿಬಿಟ್ಟು ಕೇಳೋದದ."

ಸನಾ ಕಿಟಕಿಯ ಕಡೆ ತಿರುಗಿದಳು. ಅಷ್ಟರಲ್ಲಿ ರೈಲು ಸುರಂಗಕ್ಕೆ ಇಳಿಯಿತು.

ಬರ್ಕ್ಲಿಯಲ್ಲಿ ಮೇಲೆ ಬಂದಾಗ ಬಿಸಿಲಿತ್ತು. ಭೇಟಿಗೆ ಇನ್ನೂ ಹೊತ್ತಿದ್ದುದರಿಂದ ಕ್ಯಾಂಪಸ್ಸಿನ ನೀಲಗಿರಿ ಮರಗಳ ಕೆಳಗೆ ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಎದುರಿನ ದಾರಿಯಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬ, ಬಿಳಿಕೋಲಿನ ಹುಡುಗಿಯೊಬ್ಬಳು, ಕೂಸನ್ನು ಎದೆಗೆ ಕಟ್ಟಿಕೊಂಡು ಪುಸ್ತಕ ಹಿಡಿದ ತಾಯಿಯೊಬ್ಬಳು ಹಾದುಹೋದರು. ವಿಜಯಪುರದ ಕಾಲೇಜಿನಲ್ಲಿ ಪ್ರವೇಶಾತಿಯ ವಿವರಗಳನ್ನು ಪ್ರತಿ ವರ್ಷ ಸರ್ಕಾರಕ್ಕೆ ಕಳಿಸುವ ಕೆಲಸ ನನ್ನದಾಗಿತ್ತು. ಹುಡುಗಿಯರು ಎಷ್ಟು, ಯಾವ ಜಾತಿ, ಯಾವ ಧರ್ಮ, ಅಂಗವಿಕಲರು ಎಷ್ಟು. ಹುಡುಗಿಯರ ಸಂಖ್ಯೆ ಏರುತ್ತಲೇ ಹೋಗಿ ಕಡೆಕಡೆಗೆ ಹುಡುಗರನ್ನು ದಾಟಿತು. ಆ ಏರಿಕೆ ನಿಜ, ಅದರ ಸಂತೋಷವೂ ನಿಜ. ಒಳಗೆ ಬಂದವರು ತರಗತಿಯಲ್ಲಿ ಒಮ್ಮೆಯಾದರೂ ಬಾಯಿ ತೆರೆದರೇ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಕಚೇರಿಯಲ್ಲಿ ನರೆಗೂದಲಿನ ಹೆಂಗಸೊಬ್ಬರು ಎದ್ದು ಸನಾಳ ಕೈ ಕುಲುಕಿದರು. ನಾವಿಬ್ಬರು ಒಳಗಿರಬಹುದೇ ಎಂದು ಅವಳನ್ನೇ ಕೇಳಿದರು. ಸನಾ ತಲೆಯಾಡಿಸಿದಳು. ಮಗಳ ಒಪ್ಪಿಗೆಯ ಮೇಲೆ ತಾನು ಕುರ್ಚಿ ಪಡೆದದ್ದು ಮೆಹರುನ್ನೀಸಾಳಿಗೆ ಹಿಡಿಸಲಿಲ್ಲವೆಂದು ಮುಖ ನೋಡಿಯೇ ತಿಳಿಯಿತು.

"ನಿನಗೆ ಏನು ಬೇಕು?" ಎಂದರು ಆಕೆ.

ಸನಾ ಉಸಿರೆಳೆದುಕೊಳ್ಳುವಷ್ಟರಲ್ಲಿ ತಾಯಿ ಶುರುಮಾಡಿದಳು. ಚೆನ್ನಾದ ಇಂಗ್ಲಿಷಿನಲ್ಲಿ, ಒಂದೂ ಬಿಡದೆ, ಮಗಳಿಗೆ ಎಲ್ಲ ಮೌಖಿಕ ಪರೀಕ್ಷೆಗಳಿಂದ ವಿನಾಯಿತಿ ಕೊಡಬೇಕು ಎಂದು ಹೇಳಿದಳು. ಕಚೇರಿಯ ಹೆಂಗಸು ಪೂರ್ತಿ ಕೇಳಿಸಿಕೊಂಡು ಧನ್ಯವಾದ ಹೇಳಿದರು. ಮತ್ತೆ ಸನಾಳ ಕಡೆ ತಿರುಗಿದರು. "ನಿನಗೆ?"

ಸನಾಳ ಕಣ್ಣು ಮುಚ್ಚಿತು. ಭುಜ ಬಿಗಿಯಿತು. ಮೊದಲ ಅಕ್ಷರ ಬರಲಿಲ್ಲ. ಎದುರಿಗೆ ಕೂತ ಹೆಂಗಸು ತಲೆಯಾಡಿಸಲಿಲ್ಲ, ನಗಲಿಲ್ಲ, ಗಡಿಯಾರ ನೋಡಲಿಲ್ಲ. ಬರುವುದು ಬರುತ್ತದೆ ಎಂಬಂತೆ ಕೂತಿದ್ದರು. ಮೆಹರುನ್ನೀಸಾ ಬಾಯಿ ತೆರೆದಳು. ಸನಾ ಕಣ್ಣು ಮುಚ್ಚಿಕೊಂಡೇ ತಾಯಿಯ ಮಣಿಕಟ್ಟಿನ ಮೇಲೆ ಕೈಯಿಟ್ಟಳು. ತಾಯಿಯ ಬಾಯಿ ಮುಚ್ಚಿತು.

"ವಿನಾಯಿತಿ ಬೇಡ" ಎಂದಳು ಸನಾ ಕೊನೆಗೆ. ಮತ್ತೆ ತಡೆಯಿತು. ನಾವು ಕಾದೆವು. "ನಾನೂ ಮಾತಾಡ್ತೀನಿ. ಎಲ್ಲರಿಗಿಂತ ಜಾಸ್ತಿ ಟೈಮ್ ಕೊಡಿ. ನಡುವೆ ಯಾರೂ ನನ್ನ ಮಾತು ಮುಗಿಸಬಾರದು."

"ಬರೆದುಕೊಳ್ಳುತ್ತೇನೆ" ಎಂದು ಆಕೆ ಕಂಪ್ಯೂಟರಿನ ಕಡೆ ತಿರುಗಿದರು. ಮೆಹರುನ್ನೀಸಾ ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡು ನನ್ನ ಕಿವಿಯ ಹತ್ತಿರ, "ಮೇಡಂ, ನಾನು ಆಕಿ ಸಲುವಾಗೇ ಅಂದಿದ್ದೆರಿ" ಎಂದಳು. ಗೊತ್ತು ಎಂದೆ.

ನಿಲ್ದಾಣದ ತನಕ ತಾಯಿ ಒಂದು ಬದಿ, ಮಗಳು ಒಂದು ಬದಿ ನಡೆದರು, ನಾನು ನಡುವೆ. ಫ್ರೀಮಾಂಟ್ ಕಡೆಯ ರೈಲು ಬಂದು ಬಾಗಿಲು ತೆರೆದಾಗ ಮೆಹರುನ್ನೀಸಾ ಒಂದು ಕಾಲು ಒಳಗಿಟ್ಟಿದ್ದಳು. ಹಿಂದೆ ಸನಾ "ಅಮ್ಮಿ" ಎಂದಳು. ಮುಂದಿನ ಮಾತು ಹೊರಡಲಿಲ್ಲ.

ಮೆಹರುನ್ನೀಸಾ ಮಗಳನ್ನು ನೋಡಿದಳು. ರೈಲಿನೊಳಗಿನ ಖಾಲಿ ಸೀಟುಗಳನ್ನು ನೋಡಿದಳು. ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲು ಮುಚ್ಚಿ ರೈಲು ಹೋಯಿತು. ಮುಂದಿನದು ಇಪ್ಪತ್ತು ನಿಮಿಷದ ನಂತರ ಎಂದು ಮೇಲಿನ ಫಲಕ ತೋರಿಸಿತು. ಆಗಲೂ ಸನಾಳ ಮಾತು ಬಂದಿರಲಿಲ್ಲ. ತಾಯಿ ಕೈಕಟ್ಟಿ ನಿಂತಿದ್ದಳು.

"ಜಾಕೆಟ್" ಎಂದಳು ಸನಾ ಇಂಗ್ಲಿಷಿನಲ್ಲೇ. "ಅಲ್ಲೇ ಕುರ್ಚಿ ಮೇಲೆ ಬಿಟ್ಟುಬಂದೆ."

"ಅಯ್ಯ ಹುಡುಗಿ, ಕೈ ಮಾಡಿ ತೋರಿಸಿದ್ದರೂ ತಿಳೀತಿತ್ತಲ್ಲ."

ಸನಾ ಬೇಡವೆಂಬಂತೆ ತಲೆಯಲ್ಲಾಡಿಸಿದಳು. ಆಮೇಲೆ, ಆ ದಿನ ಮೊದಲ ಬಾರಿಗೆ ಕನ್ನಡದಲ್ಲಿ, ಪ್ರತಿ ಪದಕ್ಕೂ ಕಾದು, "ನನಗ ಹೇಳಬೇಕಿತ್ತು" ಎಂದಳು.

"ಹೇಳಿದ್ಯಲ್ಲ" ಎಂದಳು ತಾಯಿ. ಮೂವರೂ ಮತ್ತೆ ಮೆಟ್ಟಿಲ ಕಡೆಗೆ ತಿರುಗಿದೆವು. ಸನಾ ಮುಂದೆ ಹತ್ತಿದಳು.